ವೃತ್ತದೊಳಗಿನ ಅಂಕಿಗಳು: ಎಲ್ಲಿ ಹಾಕಬಹುದು, ಎಲ್ಲಿ ಕೈಕೊಡುತ್ತವೆ

ಸಭೆಯ ಸೂಚನೆ, ಪ್ರಶ್ನೆಪತ್ರಿಕೆ, ಅಡುಗೆ ಮಾಡುವ ವಿಧಾನ, ಎಲ್ಲಾದರೂ ①, ②, ③ ಎಂದು ಹಾಕಿದರೆ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಆದರೆ ಕಂಪ್ಯೂಟರಿನ ಪಾಲಿಗೆ ① ಎಂಬುದು ವೃತ್ತ ಎಳೆದ 1 ಅಲ್ಲ. ಅದಕ್ಕೆ ತನ್ನದೇ ಕೋಡ್ ಇದೆ, ಅದು ಬೇರೆಯೇ ಒಂದು ಚಿಹ್ನೆ. ಮುಂದೆ ಬರುವ ತಾಪತ್ರಯಗಳೆಲ್ಲ ಹುಟ್ಟುವುದು ಇಲ್ಲೇ.

ಮೊದಲು ಟೈಪ್ ಮಾಡುವ ಬಗೆ. ವರ್ಡ್‌ನಲ್ಲಿ 2460 ಎಂದು ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ① ಬರುತ್ತದೆ, 2461ಕ್ಕೆ ②. ಇವು ಹೆಕ್ಸ್ ಸಂಖ್ಯೆಗಳು, ಅಂದರೆ 9ರ ನಂತರ A, B ಎಂದು Fವರೆಗೆ ಹೋಗುವ ಹದಿನಾರರ ಲೆಕ್ಕ. ಆದ್ದರಿಂದ 2469 ಆದಮೇಲೆ ನೇರ 2470ಕ್ಕೆ ಹಾರಬೇಡಿ, ನಡುವೆ 246Aಯಿಂದ 246Fವರೆಗೆ ಆರು ಇವೆ. ⑳ ಇರುವುದು 2473ರಲ್ಲಿ. ಇನ್ನೊಂದು ಎಡವಟ್ಟು: ಹಿಂದೆ ಇನ್ನೊಂದು ಅಂಕಿ ಅಂಟಿಕೊಂಡಿದ್ದರೆ, ಉದಾಹರಣೆಗೆ 52460 ಎಂದಿದ್ದರೆ, ವರ್ಡ್ ಐದನ್ನೂ ಸೇರಿಸಿಕೊಂಡು ಓದುತ್ತದೆ. 2460 ಅಷ್ಟನ್ನೇ ಆಯ್ಕೆ ಮಾಡಿಕೊಂಡು ಒತ್ತಿದರೆ ಸರಿಹೋಗುತ್ತದೆ. ಲಿಬ್ರೆ ಆಫೀಸ್‌ನಲ್ಲೂ ಇದೇ ಕೀಲಿ ನಡೆಯುತ್ತದೆ. ವೆಬ್ ಪುಟಕ್ಕಾದರೆ ① ಎಂದು ಬರೆಯಿರಿ (ಹೆಕ್ಸ್‌ನ 2460 ಮಾಮೂಲಿ ಹತ್ತರ ಲೆಕ್ಕದಲ್ಲಿ 9312). ಮೊಬೈಲ್‌ನಲ್ಲಿ ಹುಡುಕುತ್ತ ಕೂರುವ ಬದಲು ಕೀಬೋರ್ಡಿನ ವೈಯಕ್ತಿಕ ನಿಘಂಟಿಗೆ ①ರಿಂದ ⑩ರವರೆಗೆ ಒಮ್ಮೆ ಸೇರಿಸಿ, ಒಂದೊಂದಕ್ಕೂ ಚಿಕ್ಕ ಸಂಕೇತ ಕೊಟ್ಟುಬಿಡಿ. ಐಫೋನಿನಲ್ಲಿ ಇದು ಟೆಕ್ಸ್ಟ್ ರಿಪ್ಲೇಸ್‌ಮೆಂಟ್ ಎಂಬ ಹೆಸರಿನಲ್ಲಿದೆ.

ಎಕ್ಸೆಲ್‌ನಲ್ಲಿ ಸಾಲುಗಟ್ಟಲೆ ಬೇಕೆಂದರೆ ಯೂನಿಕ್ಯಾರ್ (UNICHAR) ಫಂಕ್ಷನ್ ಬಳಸಿ, ಅದು ಕೋಡ್ ಸಂಖ್ಯೆಯಿಂದ ಚಿಹ್ನೆ ತಂದುಕೊಡುತ್ತದೆ. 1ರಿಂದ 20ರವರೆಗಿನ ಕ್ರಮಸಂಖ್ಯೆಗೆ 9311 ಕೂಡಿಸಿ, ಬಂದದ್ದನ್ನು ಅದಕ್ಕೆ ಕೊಡಿ. 21ರಿಂದ 35ಕ್ಕೆ 12860, 36ರಿಂದ 50ಕ್ಕೆ 12941 ಕೂಡಿಸಬೇಕು. ಮೂರು ಬೇರೆ ಬೇರೆ ಸಂಖ್ಯೆ ಯಾಕೆಂದರೆ ಇವು ಒಂದೇ ಸಲ ಬಂದವಲ್ಲ. ಮೊದಲ ಇಪ್ಪತ್ತು ಪೂರ್ವ ಏಷ್ಯಾದ ಹಳೆಯ ಕೋಡ್ ಪಟ್ಟಿಗಳಿಂದ ಬಂದವು. ಚೀನಾದ ಪಟ್ಟಿಯಲ್ಲಿ ⑩ರವರೆಗೆ, ಕೊರಿಯಾದ್ದರಲ್ಲಿ ⑮ರವರೆಗೆ ಇದ್ದವು. ㉑ರಿಂದ ㊿ರವರೆಗಿನವು ಎಲ್ಲ ಭಾಷೆಗಳ ಅಕ್ಷರಗಳಿಗೂ ಕೋಡ್ ಕೊಡುವ ಯೂನಿಕೋಡ್ ಪಟ್ಟಿಯ 2002ರ ಆವೃತ್ತಿ 3.2ರಲ್ಲಿ ಸೇರಿದವು, ಅದೂ ಎರಡು ಬೇರೆ ಜಾಗಗಳಲ್ಲಿ. ಐವತ್ತೊಂದಕ್ಕೆ ಚಿಹ್ನೆಯೇ ಇಲ್ಲ. ಜಪಾನಿನಲ್ಲಿ ಯೂನಿಕೋಡ್‌ಗೆ ಮುಂಚೆ ವಿಂಡೋಸ್‌ನಲ್ಲಿ ಬರೆದ ① ಹಳೆಯ ಮ್ಯಾಕ್‌ನಲ್ಲಿ ಕಂಸದೊಳಗಿನ 'ಭಾನುವಾರ'ದ ಚಿಹ್ನೆಯಾಗಿ ಕಾಣುತ್ತಿತ್ತು, ②ಕ್ಕೆ ಸೋಮವಾರ!

ಕಪ್ಪು ವೃತ್ತದವು ಇನ್ನೂ ಚೆಲ್ಲಾಪಿಲ್ಲಿ. ❶ರಿಂದ ❿ರವರೆಗೆ 10102ರಿಂದ 10111, ಆದರೆ ⓫ರಿಂದ ⓴ರವರೆಗೆ 9451ರಿಂದ 9460. ಕೋಡ್ ಕ್ರಮದಲ್ಲಿ ವಿಂಗಡಿಸುವ ಪ್ರೋಗ್ರಾಂಗೆ ಕೊಟ್ಟರೆ ಹನ್ನೊಂದು ಮೊದಲು, ಒಂದು ಆಮೇಲೆ. ಸಾಲದ್ದಕ್ಕೆ ಎರಡು ಗುಂಪುಗಳೂ ಒಂದೇ ಫಾಂಟಿನಲ್ಲಿ ಇಲ್ಲದಿದ್ದರೆ ❿ ದಪ್ಪಗೆ, ⓫ ಸಣ್ಣಗೆ ಕಾಣುತ್ತದೆ. ಹತ್ತು ದಾಟುವ ಪಟ್ಟಿಗೆ ಕಪ್ಪು ವೃತ್ತ ಬೇಡವೇ ಬೇಡ.

ಇನ್ನು ಕನ್ನಡ ಅಂಕಿ. ೧, ೨ಕ್ಕೆ ವೃತ್ತವಿರುವ ಸಿದ್ಧ ಚಿಹ್ನೆ ಯೂನಿಕೋಡ್‌ನಲ್ಲಿ ಇಲ್ಲ. ಹಿಂದಿನ ಅಕ್ಷರವನ್ನು ಸುತ್ತುವರಿಯುವ ಒಂದು ವೃತ್ತವಿದೆ (⃝). ಅದನ್ನು ೧ರ ನಂತರ ಹಾಕಿದರೆ ತತ್ತ್ವದಲ್ಲಿ ಸರಿ. ಆದರೆ ಕನ್ನಡ ಫಾಂಟಿನಲ್ಲಿ ಆ ವೃತ್ತ ಇಲ್ಲದಿದ್ದರೆ ಬೇರೆ ಫಾಂಟಿನಿಂದ ಬರುತ್ತದೆ, ಅಳತೆ ಹೊಂದದೆ ಅಂಕಿಯ ಪಕ್ಕಕ್ಕೆ ಜಾರಿ ಕೂರುತ್ತದೆ. ವೆಬ್‌ನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಉಂಟು: ವೆಬ್ ಪುಟದ ಅಂದಚೆಂದ ನಿರ್ಧರಿಸುವ ಸಿಎಸ್‌ಎಸ್‌ನ ಪಟ್ಟಿ ಶೈಲಿಗಳಲ್ಲಿ 'ಕನ್ನಡ' (kannada) ಎಂಬುದು ಸಿದ್ಧವಾಗಿಯೇ ಇದೆ, ಅಂಕಿಗಳು ತಾವಾಗಿ ೧, ೨, ೩ ಎಂದು ಬರುತ್ತವೆ. ವೃತ್ತವೇ ಬೇಕೆಂದರೆ ಅಂಕಿಗೆ ಸಮ ಅಗಲ, ಸಮ ಎತ್ತರದ ಚೌಕಟ್ಟು ಕೊಟ್ಟು ಮೂಲೆಗಳನ್ನು 50% ದುಂಡಗೆ ಮಾಡಿ.

1️⃣ ಥರದ ನೀಲಿ ಚೌಕದ ಎಮೋಜಿ ಮೂರು ಕೋಡ್‌ಗಳ ಜೋಡಣೆ: ಮಾಮೂಲಿ 1, ಆಮೇಲೆ ಕಣ್ಣಿಗೆ ಕಾಣದ ಒಂದು ಸೂಚಕ, ಕೊನೆಗೆ ಕೀಲಿಯ ಚೌಕಟ್ಟು. ಹಾಗಾಗಿ ಕೆಲವೆಡೆ ಅಂಟಿಸಿದಾಗ ಬರೀ 1 ಉಳಿಯುತ್ತದೆ. ಇದು ಒಂದು ಲೆಕ್ಕದಲ್ಲಿ ಒಳ್ಳೆಯದೇ, ಅರ್ಥ ಕೆಡುವುದಿಲ್ಲ. ೧ಕ್ಕೆ ಇಂಥ ಎಮೋಜಿ ಇಲ್ಲ.

ನಿಜವಾದ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಹುಡುಕಾಟಕ್ಕೋ ದತ್ತಾಂಶ ಶುಚಿ ಮಾಡಲಿಕ್ಕೋ ಪಠ್ಯವನ್ನು ಎನ್‌ಎಫ್‌ಕೆಸಿ ಎಂಬ ರೂಪಕ್ಕೆ ಇಳಿಸುವ ಪದ್ಧತಿ ಇದೆ. ಅದು ①ನ್ನು 1 ಮಾಡುತ್ತದೆ, ⑴ನ್ನು ಕಂಸ ಸಮೇತ (1) ಮಾಡುತ್ತದೆ. ಅಡಿಟಿಪ್ಪಣಿಯ ಗುರುತಾಗಿ 'ಕಲಂ 5①' ಎಂದು ಬರೆದಿದ್ದರೆ ಅದು ಸದ್ದಿಲ್ಲದೆ 'ಕಲಂ 51' ಆಗಿಬಿಡುತ್ತದೆ. ❶ ಮಾತ್ರ ಹಾಗೇ ಉಳಿಯುತ್ತದೆ, ಅದಕ್ಕೆ ಅಂಥ ಸಮಾನ ರೂಪ ಕೊಟ್ಟಿಲ್ಲ. ಅಡಿಟಿಪ್ಪಣಿಗೆ ವರ್ಡ್‌ನಲ್ಲಿರುವ ಅಡಿಟಿಪ್ಪಣಿ ಸೌಲಭ್ಯವನ್ನೇ ಬಳಸಿ, ವೃತ್ತದ ಅಂಕಿ ಅದರ ಕೆಲಸ ಮಾಡಲಾರದು.

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು. '೧೨' ಕೊಟ್ಟರೆ ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ (int) ಅದನ್ನು 12 ಎಂದು ಓದುತ್ತದೆ. '①' ಕೊಟ್ಟರೆ ಎರರ್. ಇದು ಅಂಕಿಯೇ ಎಂದು ಈಸ್‌ಡಿಜಿಟ್ (isdigit) ಮೂಲಕ ಕೇಳಿದರೆ ಮಾತ್ರ ①ಕ್ಕೂ ಹೌದು ಅನ್ನುತ್ತದೆ, ⑩ಕ್ಕೆ ಅಲ್ಲ ಅನ್ನುತ್ತದೆ. ಫಾರಂ ತಪಾಸಣೆಗೆ ಈಸ್‌ಡೆಸಿಮಲ್ (isdecimal) ಬಳಸಿ.

ಎಕ್ಸೆಲ್‌ನಲ್ಲೂ ① ಬರೀ ಪಠ್ಯ. ಮೊತ್ತ ಹಾಕಿದರೆ ಸೊನ್ನೆ. ಕ್ರಮಸಂಖ್ಯೆಯ ಕಾಲಂನಲ್ಲಿ ಮಾಮೂಲಿ ಅಂಕಿ ಇಟ್ಟುಕೊಂಡು, ವೃತ್ತದ್ದನ್ನು ಪಕ್ಕದ ಕಾಲಂನಲ್ಲಿ ಸೂತ್ರದಿಂದ ತರಿಸಿ. ಸ್ಕ್ರೀನ್ ರೀಡರ್‌ಗಳೂ ಇವನ್ನು ಒಂದೇ ರೀತಿ ಓದುವುದಿಲ್ಲ, ಕೆಲವು ಬಿಟ್ಟೇಬಿಡುತ್ತವೆ.

ಎಸ್‌ಎಂಎಸ್ ಕಳಿಸುವವರು ಗಮನಿಸಿ: ಇಂಗ್ಲಿಷ್ ಸಂದೇಶದಲ್ಲಿ ಒಂದೇ ಒಂದು ① ಇದ್ದರೂ ಮಿತಿ 160ರಿಂದ 70 ಅಕ್ಷರಕ್ಕೆ ಇಳಿಯುತ್ತದೆ, ಒಂದು ಸಂದೇಶದ ಜಾಗದಲ್ಲಿ ಎರಡು ಮೂರರ ಖರ್ಚು ಬೀಳುತ್ತದೆ. ಕನ್ನಡದ ಸಂದೇಶಕ್ಕೆ ಮೊದಲಿನಿಂದಲೂ 70ರ ಮಿತಿಯೇ, ಅಲ್ಲಿ ಧಾರಾಳವಾಗಿ ಹಾಕಿ.

ಅಚ್ಚಿಗೆ ಕೊಡುವಾಗ ಪ್ರೆಸ್ಸಿನವರು ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಬಳಸುತ್ತಾರೋ ಎಂದು ಮೊದಲೇ ಕೇಳಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ, ① ಹೋಗಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅಲ್ಲಿ ವಿಂಗ್‌ಡಿಂಗ್ಸ್ ಫಾಂಟಿನಿಂದ ತೆಗೆದುಕೊಳ್ಳಬೇಕು. ಅದರಲ್ಲಿ 0ಯಿಂದ 10ರವರೆಗೆ ಬಿಳಿ, ಕಪ್ಪು ಎರಡೂ ಬಗೆಯವು ಇವೆ. ಆ ಸಾಲಿನ ಫಾಂಟ್ ಬದಲಾಯಿಸಿದರೆ ಮಾತ್ರ ಗುರುತು ಸಿಗದಂತೆ ಕೆಡುತ್ತವೆ.