ವಿಮಾನ ಕಡಿಮೆಯಾದಾಗ ಮನೆಗೆ ಬರುವ ಹಣ

ಕಳೆದ ವಾರ ಅಮ್ಮತ್ತಿಯಿಂದ ಅಣ್ಣನ ಮಗಳು ಕರೆ ಮಾಡಿ, ಮೈಸೂರಿನಲ್ಲಿ ವಿಮಾನಯಾನದ ಡಿಪ್ಲೊಮಾ ಸೇರಬೇಕೆಂದಿದ್ದೇನೆ, ಶುಲ್ಕಕ್ಕೆ ಅಪ್ಪ ಸಾಲ ತೆಗೆಯಲು ಒಪ್ಪಿದ್ದಾರೆ, ನೀವು ಏನು ಹೇಳುತ್ತೀರಿ ಚಿಕ್ಕಪ್ಪ ಎಂದು ಕೇಳಿದಳು. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅದಾಗಿರಲಿಲ್ಲ. 2016ರಿಂದ ದುಬೈ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡುತ್ತಿರುವ ನನಗೆ, ಕೊಡಗಿನ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಮಾತುಕತೆ ನಡೆಯುತ್ತಿರಬಹುದು ಅನ್ನಿಸಿತು. ಆದ್ದರಿಂದ ಅವಳೊಬ್ಬಳಿಗೆ ಬರೆಯಬೇಕೆಂದಿದ್ದುದನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ದಿನಕ್ಕೆ ಎಷ್ಟು ವಿಮಾನ ಹೊರಡುತ್ತದೆ ಎಂಬುದರ ಮೇಲೆ ನಮ್ಮಂಥವರು ಎಷ್ಟು ಜನ ಬೇಕು ಎಂಬುದು ನಿರ್ಧಾರವಾಗುತ್ತದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರದಿಂದ. ಪ್ರಯಾಣಿಕರು ಕಡಿಮೆಯಾದ ಕಾಲದಲ್ಲಿ ವಿಮಾನ ಸಂಸ್ಥೆ ಒಂದು ಊರಿನ ಸೇವೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪರೂಪ. ದಿನಕ್ಕೆ ಎರಡು ಇದ್ದದ್ದು ಒಂದಾಗುತ್ತದೆ, ವಾರದ ನಡುವಿನ ದಿನಗಳು ಬಿಟ್ಟುಹೋಗುತ್ತವೆ, ದೊಡ್ಡ ವಿಮಾನದ ಜಾಗಕ್ಕೆ ಚಿಕ್ಕದು ಬರುತ್ತದೆ. ದಟ್ಟಣೆಯ ನಿಲ್ದಾಣಗಳಲ್ಲಿ ತಮಗೆ ಸಿಕ್ಕ ಹೊತ್ತನ್ನು, ಅಂದರೆ ಸ್ಲಾಟನ್ನು, ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬೇಕಾದರೆ ಆ ಋತುವಿನಲ್ಲಿ ನೂರಕ್ಕೆ 80ರಷ್ಟಾದರೂ ಹಾರಿಸಬೇಕೆಂಬ ನಿಯಮವಿರುವುದರಿಂದ, ಅರ್ಧ ಖಾಲಿಯಾಗಿಯೇ ಹಾರಿಸುತ್ತಾ ಕಡಿತದ ಮಾತನ್ನು ಆದಷ್ಟು ಮುಂದಕ್ಕೆ ಹಾಕುವವರೂ ಇದ್ದಾರೆ. ಹಾಗಾಗಿ ಪತ್ರಿಕೆಯಲ್ಲಿ ಸುದ್ದಿ ಬರುವ ಎಷ್ಟೋ ದಿನ ಮೊದಲೇ ಕೌಂಟರಿನಲ್ಲಿ ಕುಳಿತವರಿಗೆ ವಿಷಯ ಗೊತ್ತಾಗಿರುತ್ತದೆ.

ಕೋವಿಡ್ ಹರಡಿದ 2020ರ ಮಾರ್ಚ್ ತಿಂಗಳು ನನ್ನ ಕಣ್ಣ ಮುಂದೆ ಈಗಲೂ ಹಾಗೆಯೇ ಇದೆ. ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ಇಳಿಯುವುದನ್ನು ಭಾರತ 22ರಿಂದ ನಿಲ್ಲಿಸಿತು. 25ರಿಂದ ಯುಎಇ ತನ್ನ ಪ್ರಯಾಣಿಕ ಹಾರಾಟವನ್ನೇ ನಿಲ್ಲಿಸಿತು. ಅದಕ್ಕೆ ಒಂದು ವಾರ ಮೊದಲು ನನ್ನ ಕೌಂಟರಿಗೆ ವಿರಾಜಪೇಟೆ ಕಡೆಯ ಒಬ್ಬರು ಬಂದಿದ್ದರು. ಊರಿಂದ ಬರುವಾಗ ಅಡುಗೆಯ ಹುಳಿಯಾದ ಕಾಚಂಪುಳಿಯ ಬಾಟಲಿಯನ್ನು ಪಂಚೆಯಲ್ಲಿ ಸುತ್ತಿ ತಂದಿದ್ದ ಅದೇ ಪೆಟ್ಟಿಗೆಯಲ್ಲಿ ಈಗ ಮಕ್ಕಳ ಬಟ್ಟೆ ತುಂಬಿಕೊಂಡು ಹಿಂದಿರುಗುತ್ತಿದ್ದರು. ಅವರ ಪೆಟ್ಟಿಗೆ ಬೆಲ್ಟಿನಲ್ಲಿ ಒಳಗೆ ಹೋದ ಮೇಲೆ ತೂಕದ ಪರದೆ ಸೊನ್ನೆಗೆ ಬಂದು ನಿಂತಿತು, ಮುಂದಿನ ಮುಕ್ಕಾಲು ಗಂಟೆ ಹಾಗೆಯೇ ಇತ್ತು. ಸಾಮಾನ್ಯ ದಿನದಲ್ಲಿ ಆ ಹೊತ್ತಿಗೆ ಸಾಲು ಕಂಬದಾಚೆಗೆ ತಿರುಗಿರುತ್ತದೆ. ಏಪ್ರಿಲ್ ತಿಂಗಳ ಪಾಳಿಪಟ್ಟಿ, ಅಂದರೆ ರೋಸ್ಟರ್, ಫೋನಿಗೆ ಬಂದಾಗ ಹದಿನೆಂಟು ದಿನಗಳ ಎದುರು ಆಫ್ ಎಂದಿತ್ತು, ಉಳಿದ ದಿನಗಳು ಖಾಲಿ.

ಅದೇ ಸಂಜೆ ಅಪ್ಪ ಕರೆ ಮಾಡಿದರು. ತೋಟದ ರೊಬಸ್ಟಾ ಕಾಫಿಗೆ ಹೂ ಅರಳಿಸುವ ನೀರು ಕೊಟ್ಟಾಗಿತ್ತು, ಅದರ ನಂತರ ಕೊಡುವ ಬ್ಯಾಕಿಂಗ್ ನೀರಿಗೆ ಪಂಪ್‌ಸೆಟ್ಟಿನ ಡೀಸೆಲ್ ಬೇಕಿತ್ತು, ಮಳೆಯ ಲಕ್ಷಣವಿರಲಿಲ್ಲ. ‘ವಿಮಾನ ನಿಂತರೂ ನಿನ್ನ ಸಂಬಳ ಬರ್ತದಲ್ಲ?’ ಎಂದು ಕೇಳಿದರು. ಬರುತ್ತದೆ ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ನನಗೂ ಆಗ ಹಾಗೆಯೇ ಅನ್ನಿಸಿತ್ತು.

ಆ ಮಾರ್ಚ್ ಕೊನೆಯಲ್ಲಿ ಇಲ್ಲಿನ ಸರ್ಕಾರ ಹೊರಡಿಸಿದ 279ನೇ ನಿರ್ಣಯ ಖಾಸಗಿ ಸಂಸ್ಥೆಗಳಿಗೆ ಹಂತಗಳನ್ನು ಹಾಕಿಕೊಟ್ಟಿತ್ತು: ಮೊದಲು ಮನೆಯಿಂದ ಕೆಲಸ, ಆಮೇಲೆ ಸಂಬಳ ಸಹಿತ ರಜೆ, ಆಮೇಲೆ ಸಂಬಳರಹಿತ ರಜೆ, ನಂತರ ತಾತ್ಕಾಲಿಕ ವೇತನ ಕಡಿತ, ಕೊನೆಗೆ ಕಾಯಂ ಕಡಿತ. ಪೆಟ್ಟಿಗೆ ತೂಗುವ ಕೆಲಸವನ್ನು ಮನೆಯಿಂದ ಮಾಡಲು ಬರುವುದಿಲ್ಲ. ನಾನಿದ್ದ ಸಂಸ್ಥೆ ನಮ್ಮ ವಾರ್ಷಿಕ ರಜೆಯನ್ನು ಮೊದಲು ತಿಂದುಹಾಕಿತು, ಆಮೇಲೆ ಎರಡು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿತು, ಜೂನ್‌ನಲ್ಲಿ ಅರ್ಧ ವೇತನಕ್ಕೆ ಒಪ್ಪಿಗೆ ಪತ್ರ ಕಳುಹಿಸಿತು. ಸಹಿ ಹಾಕಿದೆ. ನನ್ನ ಕೋಣೆಯಲ್ಲಿದ್ದ ನಾಲ್ವರಲ್ಲಿ ಇಬ್ಬರ ವೀಸಾ ನವೀಕರಣ ಅದೇ ಬೇಸಿಗೆಯಲ್ಲಿ ಬರುವುದಿತ್ತು, ಅವರದ್ದು ನವೀಕರಣವಾಗಲಿಲ್ಲ. ಅವರನ್ನು ತೆಗೆದುಹಾಕಿದೆವು ಎಂಬ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಮೇ 12ರಂದು ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಊರಿಗೆ ಕರೆತರುವ ವಂದೇ ಭಾರತ್ ಯೋಜನೆಯಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೊರಟಿತ್ತು; ನನ್ನ ಸ್ನೇಹಿತರು ಅಂಥದ್ದೇ ಒಂದು ವಿಮಾನಕ್ಕಾಗಿ ಆಗಸ್ಟ್‌ವರೆಗೆ ಕಾಯಬೇಕಾಯಿತು.

ಅಮೆರಿಕದಲ್ಲಿ 2020ರ ಅಕ್ಟೋಬರ್ 1ರಂದು ಅಮೆರಿಕನ್ ಮತ್ತು ಯುನೈಟೆಡ್ ಸಂಸ್ಥೆಗಳು ಸೇರಿ ಸುಮಾರು 32,000 ಜನರನ್ನು ಕೆಲಸದಿಂದ ಇಳಿಸಿದವು. ಆದರೆ ಅಲ್ಲಿ ಒಕ್ಕೂಟಗಳಿವೆ, ಜ್ಯೇಷ್ಠತಾ ಪಟ್ಟಿಯಿದೆ. ಕೊನೆಗೆ ಸೇರಿದವರು ಮೊದಲು ಹೊರಗೆ ಹೋದರೂ, ಹಾರಾಟ ಮರಳಿದಾಗ ಅದೇ ಪಟ್ಟಿಯ ಕ್ರಮದಲ್ಲಿ ಒಳಗೆ ಕರೆಸಿಕೊಳ್ಳುವ ಹಕ್ಕು ಅವರಿಗಿದೆ. ಯುಎಇಯಲ್ಲಿ ಕಾರ್ಮಿಕ ಸಂಘಕ್ಕೆ ಅವಕಾಶವಿಲ್ಲ. ಎಮಿರೇಟ್ಸ್‌ನಂಥ ದೊಡ್ಡ ಸಮೂಹದಲ್ಲಿಯೇ ಆ ಒಂದು ವರ್ಷದಲ್ಲಿ ಸಿಬ್ಬಂದಿ ನೂರಕ್ಕೆ 31ರಷ್ಟು ಇಳಿದು 75,145ಕ್ಕೆ ಬಂದು ನಿಂತಿತ್ತು ಎಂದ ಮೇಲೆ, ಗುತ್ತಿಗೆಯ ಚಿಕ್ಕ ಸಂಸ್ಥೆಗಳ ಪಾಡು ಬೇರೆ ಹೇಳಬೇಕಾಗಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಮೂಲ ವೇತನದ ವಿಷಯ. ಊರಿನಲ್ಲಿ ನಮ್ಮ ಸಂಬಳ ಎಂದರೆ ತಿಂಗಳಿಗೆ ಬಂದು ಬೀಳುವ ಒಟ್ಟು ಮೊತ್ತ. ಇಲ್ಲಿನ ಕಾನೂನಿಗೆ ಲೆಕ್ಕ ಅದಲ್ಲ. 4,000 ದಿರ್ಹಂ ಎಂದು ನೇಮಕಾತಿ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ಅದರಲ್ಲಿ 2,000 ಮಾತ್ರ ಮೂಲ ವೇತನವಾಗಿದ್ದು, ಉಳಿದದ್ದು ವಸತಿ, ಸಾರಿಗೆ, ಪಾಳಿ ಭತ್ಯೆಗಳಾಗಿರಬಹುದು. ಆರು ವರ್ಷ ದುಡಿದು ಹೊರಟರೆ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆರನೆಯದಕ್ಕೆ 30 ದಿನ, ಒಟ್ಟು 135 ದಿನಗಳ ಮೂಲ ವೇತನ, ಅಂದರೆ 9,000 ದಿರ್ಹಂ. 2023ರಿಂದ ಕಡ್ಡಾಯವಾದ ಉದ್ಯೋಗನಷ್ಟ ವಿಮೆಗೆ ನಮ್ಮಂಥವರು ತಿಂಗಳಿಗೆ 5 ದಿರ್ಹಂ ಕಟ್ಟುತ್ತೇವೆ. ಕೆಲಸ ಹೋದರೆ ಅದು ಕೊಡುವುದು ಮೂಲ ವೇತನದ ನೂರಕ್ಕೆ 60, ಅಂದರೆ ಈ ಲೆಕ್ಕದಲ್ಲಿ 1,200, ಅದೂ ಹೆಚ್ಚೆಂದರೆ ಮೂರು ತಿಂಗಳು. ಸತತ ಹನ್ನೆರಡು ತಿಂಗಳು ಕಟ್ಟಿರಬೇಕು, ರಾಜೀನಾಮೆ ಕೊಟ್ಟಿರಬಾರದು. ಹೆದರಿಸಿ ರಾಜೀನಾಮೆ ಬರೆಸಿಕೊಳ್ಳುವವರು ಇರುವುದರಿಂದ ಈ ಕೊನೆಯ ಮಾತನ್ನು ಪ್ರತಿಯೊಬ್ಬರೂ ನೆನಪಿಡಬೇಕೆಂದು ಕೈಮುಗಿದು ಹೇಳುತ್ತೇನೆ. ವೇಳಾಪಟ್ಟಿ ಕುಗ್ಗಿದಾಗ ಮೊದಲು ಹೋಗುವುದು ಓವರ್‌ಟೈಮ್ ಮತ್ತು ಪಾಳಿ ಭತ್ಯೆ. ಊರಿನ ಸಾಲದ ಕಂತುಗಳು ನಿಂತಿರುವುದು ಹೆಚ್ಚಾಗಿ ಅದೇ ಹಣದ ಮೇಲೆ.

ನಮ್ಮ ಕೊಡಗಿಗೆ ಇದು ದೂರದ ಮಾತಾಗಿ ಉಳಿದಿಲ್ಲ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದಾಗ, ಮಾಕುಟ್ಟ ಘಾಟಿ ಇಳಿದರೆ ಗಲ್ಫ್ ಎಂದು ವಿರಾಜಪೇಟೆ ಕಡೆಯವರು ಸಂತೋಷಪಟ್ಟರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಸಂಸ್ಥೆ ಹಾರಾಟ ನಿಲ್ಲಿಸಿದಾಗ ಅಲ್ಲಿನ ಗಲ್ಫ್ ವಿಮಾನಗಳಲ್ಲಿ ದೊಡ್ಡ ಪಾಲು ಒಂದೇ ದಿನದಲ್ಲಿ ಇಲ್ಲವಾಯಿತು. ವಿದೇಶಿ ವಿಮಾನ ಸಂಸ್ಥೆಗಳಿಗೆ ಅಲ್ಲಿ ಅನುಮತಿಯಿಲ್ಲದ್ದರಿಂದ ಆ ಜಾಗವನ್ನು ತುಂಬಲು ಅವರೂ ಬರುವಂತಿರಲಿಲ್ಲ. ನಿಲ್ದಾಣ ಗಟ್ಟಿಯಾಗಿ ನಿಂತಿದೆ, ರನ್‌ವೇ ಇದೆ, ಕೌಂಟರುಗಳಿವೆ. ವಿಮಾನ ಬಾರದಿದ್ದರೆ ಅಲ್ಲಿ ಕೂರುವವನಿಗೆ ಕೆಲಸವಿಲ್ಲ.

ಅಣ್ಣನ ಮಗಳಿಗೆ ಬೇಡ ಎನ್ನಲು ನನಗೆ ಮನಸ್ಸು ಬರಲಿಲ್ಲ. ಈ ಕೆಲಸವನ್ನು ನಾನು ಪ್ರೀತಿಸುತ್ತೇನೆ, ನಮ್ಮ ಸ್ಪ್ರಿಂಕ್ಲರ್ ಪೈಪುಗಳೂ ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆಯೂ ಇದರಿಂದಲೇ ಆದವು. ಬಿ.ಕಾಂ. ಕೊನೆಯ ವರ್ಷ ಮುಗಿಸಿಕೊಂಡು ಹೋಗು, ಡಿಪ್ಲೊಮಾ ಆರು ತಿಂಗಳು ಕಾಯುತ್ತದೆ ಎಂದೆ. ನಿನ್ನೆ ರಾತ್ರಿ ನನ್ನ 2016ರ ನೇಮಕಾತಿ ಪತ್ರದಲ್ಲಿ ಮೂಲ ವೇತನದ ಸಾಲಿಗೆ ಕೆಂಪು ಗೆರೆ ಎಳೆದು ಅವಳ ಫೋನಿಗೆ ಕಳುಹಿಸಿದ್ದೇನೆ. ಅಣ್ಣ ಬ್ಯಾಂಕಿಗೆ ಹೋಗುವುದು ಸೋಮವಾರ. ಅಷ್ಟರೊಳಗೆ ಇಬ್ಬರೂ ಕುಳಿತು ಅದನ್ನು ಓದುತ್ತೇವೆ ಎಂದಿದ್ದಾರೆ.