ಸ್ಪ್ರೆಡ್‌ಶೀಟ್‌ನಲ್ಲೊಂದು ಸೆಪ್ಸಿಸ್ ಶ್ವಾಸಕೋಶ: ಮೂರನೇ ವಾರ

ಈ ವಾರ ದೊಡ್ಡ ತಪ್ಪೊಂದು ಸಿಕ್ಕಿತು. ಸರಿ ಮಾಡಿದ ಮೇಲೆ ಲೆಕ್ಕದ ಅರ್ಥವೇ ಬದಲಾಯಿತು.

ಹೊಸಬರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಹಂದಿ, ಕುರಿಗಳಿಗೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ಕೊಟ್ಟು ಸೆಪ್ಸಿಸ್‌ನಂಥ ಸ್ಥಿತಿ (ಸೋಂಕಿಗೆ ಮೈ ಅತಿಯಾಗಿ ಕೆರಳಿ ಅಂಗಗಳು ಕೆಡುವುದು) ತರಿಸಿ, ರಕ್ತನಾಳ ಹಿಗ್ಗಿಸುವ ಔಷಧಗಳನ್ನು ಪರೀಕ್ಷಿಸಿದ ಪ್ರಯೋಗಗಳಿವೆ. ಅವನ್ನು ಅರ್ಥ ಮಾಡಿಕೊಳ್ಳಲು ಎರಡೇ ಭಾಗದ ಶ್ವಾಸಕೋಶವೊಂದನ್ನು ಕಟ್ಟುತ್ತಿದ್ದೇನೆ. ಒಂದು ಭಾಗದಲ್ಲಿ ಗಾಳಿ ಆಡುತ್ತದೆ. ಇನ್ನೊಂದರಲ್ಲಿ ನೀರು ತುಂಬಿದೆ; ಅಲ್ಲಿ ಹಾದ ರಕ್ತ ಆಮ್ಲಜನಕ ಸಿಗದೆ ಹಾಗೇ ವಾಪಸ್ ಬರುತ್ತದೆ. ಒಟ್ಟು ರಕ್ತದಲ್ಲಿ ಹೀಗೆ ಬರುವ ಪಾಲೇ ಶಂಟ್.

ಗಾಳಿಯಿಲ್ಲದ ಕಡೆ ರಕ್ತನಾಳ ತಾನಾಗಿಯೇ ಬಿಗಿಯುತ್ತದೆ. ಔಷಧವನ್ನು ಸಿರೆಗೆ ಕೊಟ್ಟರೆ ಆ ಬಿಗಿತವೂ ಸಡಿಲ, ಶಂಟ್ ಜಾಸ್ತಿ. ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಿನಲ್ಲಿ ಕೊಟ್ಟರೆ ಅದು ಗಾಳಿ ಆಡುವ ಕಡೆಗೇ ತಲುಪುತ್ತದೆ; ಅಲ್ಲಿನ ನಾಳ ಹಿಗ್ಗಿ ರಕ್ತ ಆ ಕಡೆ ಹರಿಯುತ್ತದೆ, ಶಂಟ್ ಕಡಿಮೆ. ರಕ್ತಕ್ಕೆ ಸೇರಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಹಿಡಿದುಬಿಡುವುದರಿಂದ ಉಳಿದ ಮೈಯ ರಕ್ತದೊತ್ತಡ ಹೆಚ್ಚು ಇಳಿಯುವುದಿಲ್ಲ. ಎಷ್ಟು ಚೆಂದದ ಉಪಾಯ ಅಲ್ವಾ?

ಮುಂದಿನ ಸಂಖ್ಯೆಗಳು ನಾನೇ ಇಟ್ಟುಕೊಂಡವು, ಪ್ರಾಣಿಗಳ ಅಳತೆಯಲ್ಲ. ಆಮ್ಲಜನಕದ ಶೇಕಡಾ ಎಂದರೆ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂಬುದು; ಗಾಳಿ ಆಡುವ ಕಡೆಯ ರಕ್ತ ಶೇ. 100 ತುಂಬಿರುತ್ತದೆ ಎಂದಿಟ್ಟಿದ್ದೇನೆ. ಶಂಟ್ ಶೇ. 30 ಇದ್ದಾಗ ಅಪಧಮನಿಯಲ್ಲಿ ಆಮ್ಲಜನಕ ಶೇ. 91. ಸಿರೆಯ ಔಷಧದಿಂದ ಶಂಟ್ 45ಕ್ಕೆ ಏರಿದರೆ 86.5. ಇಲ್ಲೇ ನಾನು ಎಡವಿದ್ದು. ಮೈಯಿಂದ ಮರಳುವ ರಕ್ತದಲ್ಲಿ ಆಮ್ಲಜನಕ ಯಾವಾಗಲೂ ಶೇ. 70 ಎಂದು ಸುಮ್ನೆ ಬರೆದುಬಿಟ್ಟಿದ್ದೆ. ಆದರೆ ಮೈ ಬಳಸುವುದು ಅಷ್ಟೇ ಇದ್ದು ಒಳಬರುವುದು ಇಳಿದರೆ ಮರಳುವುದೂ ಇಳಿಯಲೇಬೇಕು. ಅದನ್ನು ತಿದ್ದಿದಾಗ ಉತ್ತರ 82.8.

ಇನ್ನೊಂದು ವಿಷಯವೂ ಬಿಟ್ಟುಹೋಗಿತ್ತು. ನಾಳ ಹಿಗ್ಗಿದಾಗ ಹೃದಯದ ಹೊರೆ ಇಳಿದು ಅದು ಹೆಚ್ಚು ರಕ್ತ ತಳ್ಳಬಹುದು. ಒಂದೂವರೆ ಪಟ್ಟು ಎಂದಿಟ್ಟರೆ 88.5. ಮೊದಲಿನ 91ಕ್ಕಿಂತ ಕಡಿಮೆಯೇ, ನಿಜ. ಆದರೆ ಮೈಗೆ ತಲುಪುವ ಒಟ್ಟು ಆಮ್ಲಜನಕ ಸುಮಾರು ಶೇ. 46 ಜಾಸ್ತಿ! ರಕ್ತದೊತ್ತಡ ಕುಸಿಯದಿದ್ದರೆ ಮಾತ್ರ ಈ ಲಾಭ ಉಳಿಯುತ್ತದೆ. ಸೆಪ್ಸಿಸ್‌ನಲ್ಲಿ ಅದು ಎಷ್ಟೋ ಸಲ ಮೊದಲೇ ಕುಸಿದಿರುತ್ತದೆ, ನನಗೆ ಹೆದರಿಕೆ ಇರುವುದು ಅಲ್ಲೇ.

ಉಸಿರಿನ ದಾರಿಯಲ್ಲಿ ಶಂಟ್ 20ಕ್ಕೆ ಇಳಿಸಿದರೆ ಸುಮಾರು 94.8 ಬರುತ್ತದೆ. ಈ ಸಂಖ್ಯೆ ನೋಡಿ ಖುಷಿಪಡಲು ಮನಸ್ಸಾಗಲಿಲ್ಲ. ಎಆರ್‌ಡಿಎಸ್ (ಶ್ವಾಸಕೋಶ ಉರಿಯೂತದಿಂದ ನೀರು ತುಂಬಿ ಉಸಿರಾಟ ಸೋಲುವ ಸ್ಥಿತಿ) ರೋಗಿಗಳಲ್ಲಿ ಉಸಿರಿನ ನೈಟ್ರಿಕ್ ಆಕ್ಸೈಡ್ ಸ್ವಲ್ಪ ಕಾಲ ಆಮ್ಲಜನಕ ಏರಿಸಿತು, ಸಾವು ಕಡಿಮೆ ಮಾಡಲಿಲ್ಲ.

ಮುಂದಿನ ವಾರ ಪ್ರಾಣಿಗಳ ನಡುವಿನ ವ್ಯತ್ಯಾಸ ಸೇರಿಸಬೇಕು. ಹಂದಿ, ಕುರಿಗಳ ಶ್ವಾಸಕೋಶದ ರಕ್ತನಾಳಗಳ ಒಳಗೇ ಮ್ಯಾಕ್ರೋಫೇಜ್ ಎಂಬ ರೋಗಾಣು ನುಂಗುವ ಜೀವಕೋಶಗಳು ಕೂತಿರುತ್ತವೆ. ಎಂಡೋಟಾಕ್ಸಿನ್‌ಗೆ ಅಲ್ಲಿನ ಒತ್ತಡ ಜೋರಾಗಿ ಏರುವುದು ಬಹುಮಟ್ಟಿಗೆ ಅವುಗಳಿಂದಲೇ. ಆರೋಗ್ಯವಂತ ಇಲಿಗಳಲ್ಲಿ ಅವು ಹಾಗೆ ಇರುವುದಿಲ್ಲ. ಹಾಗಾಗಿ ಇಲಿಗೆ ಬೇರೆ ಹಾಳೆ ತೆರೆದಿದ್ದೇನೆ.