ಬೀದರ್‌ನಲ್ಲಿ ಒಂದು ಶುಭ ಶುಕ್ರವಾರ

ಕಲಬುರಗಿಯಿಂದ ಬೀದರ್‌ಗೆ ರೈಲಿನಲ್ಲಿ 110 ಕಿಲೋಮೀಟರ್ ಆಸುಪಾಸು. 2017ರಲ್ಲಿ ಈ ಲೈನ್ ಶುರುವಾಗುವ ಮೊದಲು ನಮಗೆಲ್ಲ ಬಸ್ಸೇ ಗತಿಯಾಗಿತ್ತು. ಗುರುವಾರ ಬೆಳಿಗ್ಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಗರಿ ಕೊಯ್ದ ಹೊಲಗಳು ಖಾಲಿ ಬಿದ್ದಿದ್ದವು. ಬಿಸಿಲಿಗೆ ಕರಿ ಮಣ್ಣು ಬಾಯಿ ಬಿಟ್ಟಿತ್ತು. ಅಣ್ಣನಿಗೆ ಅಂತ ತಂದ ಕಮಲಾಪುರದ ಕೆಂಬಾಳೆ ಚೀಲದಲ್ಲಿತ್ತು. ಹುಮನಾಬಾದ್‌ಗಿಂತ ಮೊದಲು ಮರಗುತ್ತಿ ಸುರಂಗ ಬರುತ್ತದೆ, ಒಂದೂವರೆ ಕಿಲೋಮೀಟರ್‌ಗಿಂತ ಉದ್ದ. ಆ ಕತ್ತಲಲ್ಲಿ, ಅಣ್ಣನನ್ನು ಕೇಳಬೇಕಾದ ಮಾತನ್ನು ಮತ್ತೊಮ್ಮೆ ಜೋಡಿಸಿಕೊಂಡೆ.

ನನಗೆ ಆಗ 13, ಅಣ್ಣನಿಗೆ 16. ಅಪ್ಪನ ಅಂಗಡಿ ಗಲ್ಲಾದಿಂದ 300 ರೂಪಾಯಿ ಕದ್ದವನು ನಾನು. ಅಪ್ಪ ಬೆಲ್ಟ್ ತೆಗೆದಾಗ "ನಾನೇ ತಗೊಂಡೀನಿ" ಅಂತ ಮುಂದೆ ಬಂದವನು ಅಣ್ಣ. ಆಮೇಲೆ ಅಪ್ಪ ಅವನನ್ನು ಗಲ್ಲಾದ ಹತ್ತಿರ ಕೂರಿಸಲಿಲ್ಲ. ತೀರಿಕೊಳ್ಳುವವರೆಗೂ ಹಾಗೇ ನಂಬಿದ್ದರು. ದೊಡ್ಡವನು ಮನೆಗೆ ಬಂದರೆ ಅವ್ವ ಇವತ್ತಿಗೂ ಬೀರುವಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಅಣ್ಣ ಬೀದರ್‌ನಲ್ಲಿ ಆಟೋ ಓಡಿಸುತ್ತಾನೆ. ಸ್ಟೇಷನ್‌ನಿಂದ ಸೀದಾ ಮಹಮೂದ್ ಗವಾನನ ಮದರಸಾಕ್ಕೆ ಕರೆದುಕೊಂಡು ಹೋದ. 1472ರ ಕಟ್ಟಡ, ಮೂರು ಅಂತಸ್ತು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಹಾಳಾಯಿತು. ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಹತ್ತಿರ ನಿಂತು ನೋಡಿದರೆ ಮಾತ್ರ ಆ ಬಣ್ಣದ ಆಳ ತಿಳಿಯುತ್ತದೆ.

ಗವಾನ್ ಇರಾನಿನ ಗಿಲಾನ್‌ನಿಂದ ಬಂದು ಬಹಮನಿ ರಾಜ್ಯಕ್ಕೆ ಮಂತ್ರಿಯಾದವನು. ಆಗದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಅವನೇ ಒಡಿಶಾದ ರಾಜನಿಗೆ ಬರೆದಂತೆ ಸುಳ್ಳು ಪತ್ರ ಮಾಡಿದರು. ಸುಲ್ತಾನ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ನಿಜ ಗೊತ್ತಾಗಿ ಕೊರಗಿದ, ಮರುವರ್ಷ ತಾನೂ ಸತ್ತ. ರಾಜ್ಯ ಹೋಳಾಯಿತು. ಒಬ್ಬ ನಿರಪರಾಧಿ ಸತ್ತದ್ದರಿಂದ ಯಾರಿಗೂ ಏನೂ ಸಿಗಲಿಲ್ಲ. ಹಾಗಾದರೆ ಯೇಸುವಿನ ಸಾವಿನಿಂದ ನನಗೇನು ಸಿಕ್ಕಿತು? ಒಬ್ಬನ ಪಾಪವನ್ನು ಇನ್ನೊಬ್ಬ ಹೊರುವುದು ನ್ಯಾಯವಾ? ಚಿಕ್ಕಂದಿನಿಂದ ಚರ್ಚಿಗೆ ಹೋಗುವ ನನಗೆ ಈ ಪ್ರಶ್ನೆ ಅಲ್ಲಿ, ಆ ಬಿಸಿಲಲ್ಲಿ, ಜೋರಾಗಿ ಚುಚ್ಚಿತು.

ಮರುದಿನ ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚಿಗೆ ಹೋದೆವು. ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಪ್ರಸಂಗ. ಫ್ಯಾನ್ ತಿರುಗಿದರೂ ಸೆಕೆ. ಮಕ್ಕಳು ತಾಯಂದಿರ ತೊಡೆಯ ಮೇಲೆ ಮಲಗಿಬಿಟ್ಟಿದ್ದರು. ಮೊದಲನೇ ಮಾತಿಗೆ, ಮೊಳೆ ಹೊಡೆದವರನ್ನೇ ಕ್ಷಮಿಸು ಎಂದು ತಂದೆಯನ್ನು ಬೇಡುವ ಆ ಮಾತಿಗೆ, ನಾನು ತಲೆ ಎತ್ತಲಿಲ್ಲ. ಪಾಸ್ಟರ್ ಬೈಬಲಿನ ಯೋಹಾನನ ಸುವಾರ್ತೆಯ 10ನೇ ಅಧ್ಯಾಯವನ್ನೂ ನೆನಪಿಸಿದರು. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಎಂದು ಯೇಸು ಹೇಳುತ್ತಾನಲ್ಲ, ಅದು. ಗವಾನನ ತಲೆಯನ್ನು ಕಿತ್ತುಕೊಂಡರು. ಇವನು ತಾನಾಗಿ ಕೊಟ್ಟ. ಪಕ್ಕದಲ್ಲಿ ಕೂತಿದ್ದ ಅಣ್ಣನ ಕೈ ನೋಡಿದೆ. ಅವನನ್ನೂ ಅವತ್ತು ಯಾರೂ ಎಳೆದು ತಂದಿರಲಿಲ್ಲ.

ಆಮೇಲೆ ಬರಬ್ಬನ ನೆನಪಾಯಿತು. ಯೇಸುವಿನ ಬದಲು ಬಿಡುಗಡೆಯಾದ ಕೈದಿ. ಬಿಟ್ಟರು ಅಂತ ಬರೆದಿದೆ, ಅಷ್ಟೇ. ಆ ಸಂಜೆ ಅವನು ಎಲ್ಲಿ ಹೋದ, ಯಾರ ಮನೆಯಲ್ಲಿ ಉಂಡ, ನಿದ್ದೆ ಬಂತಾ? ನಾನು 22 ವರ್ಷ ಹಾಗೆ ತಿರುಗಾಡಿದ್ದೇನೆ.

ಚರ್ಚಿನಿಂದ ಹೊರಗೆ ಬೇವಿನ ನೆರಳಲ್ಲಿ ಆಟೋ ನಿಂತಿತ್ತು. ಕೇಳಿಯೇಬಿಟ್ಟೆ. "ಅಣ್ಣಾ, ಅವತ್ತು ನೀ ಯಾಕ ಹಂಗ ಮಾಡಿದಿ?"

ಅವನು ಸ್ವಲ್ಪ ಹೊತ್ತು ಸೀಟಿನ ಧೂಳು ಒರೆಸಿದ. "ನೀ ಸಣ್ಣಾಂವ ಇದ್ದಿ. ಅಪ್ಪನ ಏಟು ನಿನಗ ತಡೀತಿದ್ದಿಲ್ಲ."

"ಅವ್ವನಿಗೆ ಹೇಳ್ತೀನಿ."

"ಈಗ್ಯಾಕ? ಆಕಿ ಸುಮ್ನೆ ಮನಸ್ಸಿಗೆ ಹಚ್ಕೋತಾಳ. ನಂದೇನೂ ಇಲ್ಲ, ಬಿಡು."

ಅವನದು ಏನೂ ಇಲ್ಲ ಅನ್ನುವುದು ನಿಜ. ಅವನು ಎಂದೋ ಕ್ಷಮಿಸಿದ್ದಾನೆ. ಆದರೆ ಅವನ ಹೆಸರು ಇನ್ನೂ ನನ್ನ ಕೈಯಲ್ಲಿ ಇದೆ, ಅದನ್ನು ವಾಪಸ್ ಕೊಡಬೇಕಲ್ವಾ?

ಶನಿವಾರ ಸ್ಟೇಷನ್‌ವರೆಗೂ ಅವನೇ ಬಿಟ್ಟ. ಅವ್ವನಿಗೆ ಈಸ್ಟರ್‌ಗೆ ಅಂತ ಒಂದು ಸೀರೆ ಕೊಟ್ಟು ಕಳಿಸಿದ. ರೈಲು ಹುಮನಾಬಾದ್ ಬಿಟ್ಟಿತು. ಸುರಂಗದಲ್ಲಿ ನೆಟ್‌ವರ್ಕ್ ಹೋಯಿತು. ಹೊರಗೆ ಬೆಳಕು ಬೀಳುವವರೆಗೆ ಕಾದೆ. ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವ್ವನಿಗೆ ಫೋನ್ ಹಚ್ಚಿದೆ.